ಬನಗಾಂವಿನ ಉಪ್ಪುನೀರು

ಕಾಲರಾ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಹಿರಿಯರು ಬೆಚ್ಚುತ್ತಿದ್ದರು. ಬೆಳಗ್ಗೆ ಗಟ್ಟಿಮುಟ್ಟಾಗಿದ್ದ ಮನುಷ್ಯ ಸಂಜೆಯ ವೇಳೆಗೆ ಇಲ್ಲವಾಗುವುದು ಆ ಬೇನೆಯ ರೀತಿ. ವಾಂತಿ ಭೇದಿಗಳಿಂದ ಮೈಯ ನೀರೂ ಲವಣವೂ ಬರಿದಾಗುವುದೇ ಈ ಸಾವಿಗೆ ಕಾರಣ. ಹೋದುದನ್ನು ಹೋದಷ್ಟೇ ಬೇಗ ಮರಳಿ ತುಂಬಿದರೆ ರೋಗಿ ಉಳಿಯುತ್ತಾನೆ. ಹೀಗೆ ತುಂಬುವುದಕ್ಕೆ ವೈದ್ಯರು ಬಹುಕಾಲ ನಂಬಿದ್ದ ದಾರಿ ಒಂದೇ: ಸೂಜಿಯಿಂದ ರಕ್ತನಾಳಕ್ಕೆ ಲವಣಜಲವನ್ನು ಹರಿಸುವುದು.

1971ರ ಮಾರ್ಚಿಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸೈನ್ಯದ ಹಾವಳಿ ಮೊದಲಾಗಲು ಜನರು ಮನೆಮಾರುಗಳನ್ನು ಬಿಟ್ಟು ಭಾರತದ ಕಡೆಗೆ ನಡೆದರು. ವರ್ಷ ಮುಗಿಯುವುದರೊಳಗೆ ಹಾಗೆ ಬಂದವರು ಸುಮಾರು ಒಂದು ಕೋಟಿ. ಮಳೆ ಹಿಡಿಯಿತು, ಕುಡಿಯುವ ನೀರು ಕೆಟ್ಟಿತು, ಶಿಬಿರಗಳಿಗೆ ಕಾಲರಾ ಹೊಕ್ಕಿತು. ಕಲ್ಕತ್ತೆಯಿಂದ ವೈದ್ಯ ದಿಲೀಪ ಮಹಲನಬೀಸರು ಗಡಿಯ ಊರಾದ ಬನಗಾಂವಿಗೆ ಹೋದಾಗ ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಇದ್ದುದು ಎರಡು ಕೋಣೆ, ಹದಿನಾರು ಮಂಚ. ಉಳಿದವರೆಲ್ಲ ನೆಲದ ಮೇಲೆ. ಸೂಜಿ ಚುಚ್ಚಬೇಕಾದರೆ ವೈದ್ಯನು ಆ ಹೊಲಸಿನಲ್ಲಿಯೇ ಮೊಣಕಾಲೂರಬೇಕು. ಚುಚ್ಚಲು ಬಲ್ಲವರು ಇಬ್ಬರೇ. ಲವಣಜಲದ ಸಂಗ್ರಹವೋ ಎರಡೇ ದಿನಗಳಲ್ಲಿ ಸಾಲದಾಯಿತು.

ಬೇರೊಂದು ದಾರಿ ಇರಲಿಲ್ಲವೆ? ಇತ್ತು. ಬರಿಯ ಉಪ್ಪುನೀರನ್ನು ರೋಗಿಯ ಕರುಳು ಹೀರುವುದಿಲ್ಲ. ಅದರೊಡನೆ ಗ್ಲೂಕೋಸು ಸೇರಿದರೆ ಕಾಲರಾ ಹಿಡಿದಾಗಲೂ ಎರಡೂ ಜೊತೆಯಾಗಿ ಒಳಕ್ಕೆ ಹೋಗುತ್ತವೆ, ನೀರು ಹಿಂಬಾಲಿಸುತ್ತದೆ. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು 1953ರಲ್ಲಿಯೇ ಇಂಥ ಪಾನವನ್ನು ಕುಡಿಸಿ ಗುಣಪಡಿಸಿದ್ದರು. ಅವರ ಮಾತಿಗೆ ದೊರೆಯಬೇಕಾದ ಗಮನ ದೊರೆಯಲಿಲ್ಲ. 1968ರಲ್ಲಿ ಢಾಕೆಯ ಸಂಶೋಧಕರೂ ಇದನ್ನು ಸ್ಥಿರಪಡಿಸಿದರು. ಆದರೆ ಅದೆಲ್ಲ ನುರಿತ ದಾದಿಯರೂ ಅಳತೆಯ ಸಾಧನಗಳೂ ಇದ್ದ ಕಡೆಯ ಮಾತು. ಓದು ಬರಹವಿಲ್ಲದ, ಬೀದಿಪಾಲಾದ ತಾಯಂದಿರ ಕೈಗೆ ಇದನ್ನು ಕೊಡಬಹುದೆ ಎಂಬುದು ಪ್ರಶ್ನೆ. ಕೊಡಬಾರದೆಂದೇ ವೈದ್ಯರಲ್ಲಿ ಹೆಚ್ಚಿನವರ ಎಣಿಕೆ.

ಮಹಲನಬೀಸರಿಗೆ ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಕಲ್ಕತ್ತೆಯ ತಮ್ಮ ಸಂಶೋಧನಾಲಯದ ಪುಸ್ತಕಭಂಡಾರದ ಕೊಠಡಿಯಲ್ಲಿ ಪೊಟ್ಟಣ ಕಟ್ಟಿಸಿದರು. ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಅಡಿಗೆ ಸೋಡ, ಅಷ್ಟೆ. ಒಬ್ಬನು ಗ್ಲೂಕೋಸು ತೂಗುವನು, ಇನ್ನೊಬ್ಬನು ಉಪ್ಪು; ಪಾಲಿಥೀನ್ ಚೀಲದ ಬಾಯನ್ನು ಇಸ್ತ್ರಿಪೆಟ್ಟಿಗೆಯ ಶಾಖದಿಂದ ಮುಚ್ಚುವರು. ಲೀಟರಿಗೆ ತಗುಲಿದ ಬೆಲೆ ಹನ್ನೊಂದು ಪೈಸೆ! ಶಿಬಿರದಲ್ಲಿ ಅದನ್ನು ನಲ್ಲಿಯುಳ್ಳ ಪೀಪಾಯಿಗಳಲ್ಲಿ ಕಲಸಿಟ್ಟು, ಬಟ್ಟಲು ಹಿಡಿದು ಬಂದ ಬಂಧುಗಳಿಗೆ ಹಂಚಿದರು. ರೋಗಿಗೆ ಎಷ್ಟು ಕುಡಿಸಬೇಕು, ಎಷ್ಟು ಹೊತ್ತು ಕುಡಿಸಬೇಕು ಎಂಬುದನ್ನು ನೋಡಿಕೊಂಡವರು ತಾಯಿ, ಗಂಡ, ಅಕ್ಕ, ಅಜ್ಜ. ತೀರ ಸೊರಗಿದವರಿಗೆ ಮಾತ್ರ ಮೊದಲು ಸೂಜಿ.

ಎಂಟು ವಾರಗಳಲ್ಲಿ ಸುಮಾರು 3,700 ಮಂದಿಗೆ ಹೀಗೆ ಚಿಕಿತ್ಸೆಯಾಯಿತು. ಮೊದಲು ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು 3.6ಕ್ಕೆ ಇಳಿಯಿತು. ಪಾನವನ್ನು ಕಲಸುವ ಕ್ರಮವನ್ನು ಕರಪತ್ರಗಳಲ್ಲಿ ಅಚ್ಚುಹಾಕಿಸಿ ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾದೇಶದ ಗುಪ್ತ ಆಕಾಶವಾಣಿಯೂ ಅದನ್ನು ಸಾರಿತು. ಆಕಾಶವಾಣಿಗೆ ಇದಕ್ಕಿಂತ ಉಪಯುಕ್ತವಾದ ಭಾಷಣವಿಷಯ ಅಪರೂಪವೆಂದು ನನ್ನ ಅಭಿಪ್ರಾಯ.

1973ರಲ್ಲಿ ಈ ಅನುಭವ ಲೇಖನವಾಗಿ ಪ್ರಕಟವಾದಾಗಲೂ ಸಂಶಯಪಡುವ ವೈದ್ಯರಿಗೆ ಕೊರತೆಯಿರಲಿಲ್ಲ. ಆದರೆ ಶಿಬಿರವನ್ನು ಕಣ್ಣಾರೆ ಕಂಡಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಅವರು ಬಿಡದೆ ವಾದಿಸಿದರು. 1978ರಲ್ಲಿ ಆ ಸಂಸ್ಥೆ ಅತಿಸಾರ ನಿವಾರಣೆಯ ಕಾರ್ಯಕ್ರಮವನ್ನೇ ಕೈಗೊಂಡಿತು. ಮಹಲನಬೀಸರು 2022ರಲ್ಲಿ ತೀರಿಕೊಂಡರು. ಭಾರತ ಸರ್ಕಾರದ ಪದ್ಮವಿಭೂಷಣ ಅವರ ಹೆಸರಿಗೆ ಬಂದದ್ದು ಅದರ ಮರುವರ್ಷ.