ತೂಬು ಮತ್ತು ತಂತಿ

ದರೋಜಿಯ ದೊಡ್ಡ ಕೆರೆಯನ್ನು ಬಲ್ಲವರಿಗೆ ಒಂದು ಮಾತು ಸ್ವತಃಸಿದ್ಧವಾದುದು. ಏರಿಯ ಹಿಂದೆ ಎಷ್ಟೇ ನೀರು ನಿಂತಿದ್ದರೂ ತೂಬು ತೆರೆದು ಕಾಲುವೆ ಹರಿಯದ ಹೊರತು ಒಂದು ಗದ್ದೆಯೂ ನೆನೆಯದು. ವಿದ್ಯುಚ್ಛಕ್ತಿಯ ಚರಿತ್ರೆಯೂ ಇಂತಹುದೇ. ಉತ್ಪಾದನೆಯ ಕಥೆಯನ್ನು ಜನರು ಆದರದಿಂದ ಹೇಳುವರು. ಹಂಚಿಕೆಯ ಕಥೆಯಾದರೋ ಬಹುಮಟ್ಟಿಗೆ ಹೇಳದೆಯೇ ಉಳಿದಿದೆ.

ಕನ್ನಡನಾಡಿನಲ್ಲಿ ಈ ಕಥೆಯ ದೊಡ್ಡ ಆರಂಭವು ಶಿವನಸಮುದ್ರದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಉಪಕ್ರಮಿಸಿದ ಕಾರ್ಯವು 1902ರಲ್ಲಿ ಫಲಿಸಿ, ಕಾವೇರಿಯ ಶಕ್ತಿಯು ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳು ಬೆಳಗಿದುದು 1905ರಲ್ಲಿ. ಮೊದಲು ಗಣಿ, ಅನಂತರ ನಗರ, ಕಟ್ಟಕಡೆಗೆ ಹಳ್ಳಿ: ಇದೇ ಕ್ರಮವಾಯಿತು. ಇದು ತಾತ್ಸಾರದಿಂದ ಆದುದೆನ್ನುವುದಕ್ಕಿಂತ ಲೆಕ್ಕಾಚಾರದಿಂದ ಆದುದೆನ್ನಬೇಕು. ವೆಚ್ಚವು ತಂತಿಯ ಉದ್ದವನ್ನು ಅನುಸರಿಸುವುದು. ಆದಾಯವು ತಂತಿಯ ತುದಿಯಲ್ಲಿರುವ ಬಳಕೆಯನ್ನು. ಗಣಿಯು ಹಗಲಿರುಳೂ ಶಕ್ತಿಯನ್ನು ಕೊಳ್ಳುವುದು. ಚದುರಿದ ಹಳ್ಳಿಗಳು ಸಂಜೆಯ ಕೆಲವು ತಾಸು ಮಾತ್ರ.

ಬಳ್ಳಾರಿ ಸೀಮೆಯು ಮದರಾಸು ಆಧಿಪತ್ಯದಲ್ಲಿದ್ದಾಗ, 1945ರಲ್ಲಿ, ತುಂಗಭದ್ರಾ ಅಣೆಕಟ್ಟಿಗೆ ಅಸ್ತಿಭಾರವಾಯಿತು. 1953ರ ಅಕ್ಟೋಬರ್ 1ರಂದು ಈ ಸೀಮೆಯ ಬಹುಭಾಗವು ಮೈಸೂರನ್ನು ಸೇರಿತು. 1957ರಿಂದ ಮೊದಲ್ಗೊಂಡು ಅಣೆಕಟ್ಟಿನ ಬಲಗಡೆಯ ಬುಡದಲ್ಲಿಯೂ ಹಂಪೆಯಲ್ಲಿಯೂ ತಲಾ 36 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರಗಳು ಎದ್ದವು. ಇವುಗಳ ಶಕ್ತಿಯಲ್ಲಿ ನೂರಕ್ಕೆ 80 ಪಾಲು ಆಂಧ್ರಕ್ಕೆ, 20 ಪಾಲು ಕರ್ನಾಟಕಕ್ಕೆ. ಹಂಪೆಯ ಮಗ್ಗುಲಲ್ಲಿ ಹುಟ್ಟಿದ ಶಕ್ತಿಯು ಯಾರ ಮನೆಗೆ ಸಲ್ಲಬೇಕೆಂಬುದನ್ನು ನದಿಯು ನಿರ್ಣಯಿಸಲಿಲ್ಲ. ಒಪ್ಪಂದವೂ ತಂತಿಯೂ ನಿರ್ಣಯಿಸಿದವು.

ಹೊಸ್ತಿಲಿನ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದೆಂದು ಶಾಸ್ತ್ರಕಾರರು ದೇಹಲೀದೀಪನ್ಯಾಯವನ್ನು ಹೇಳುವರು. ತಂತಿಯ ದೀಪಕ್ಕೆ ಆ ನ್ಯಾಯವು ಸಲ್ಲದು. ಅತ್ಯಧಿಕ ಒತ್ತಡದ ಮಾರ್ಗವು ಊರಿನ ನೆತ್ತಿಯ ಮೇಲೆಯೇ ಹಾದುಹೋಗಬಹುದು. ಉಪಕೇಂದ್ರದಲ್ಲಿ ಒತ್ತಡವನ್ನಿಳಿಸಿ, ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ಮತ್ತೆ ಇಳಿಸಿ, ಬೀದಿಬೀದಿಗೆ ತಂತಿಯನ್ನೆಳೆದ ಹೊರತು ಕೆಳಗಿನ ಗುಡಿಸಲಿನಲ್ಲಿ ಹಣತೆಯೇ ಗತಿ.

ಲೆಕ್ಕವಿಡುವ ಬಗೆಯಲ್ಲಿಯೂ ಕತ್ತಲೆಯು ಅಡಗಿಕೊಂಡಿದ್ದಿತು. 1997ರವರೆಗೆ ಗ್ರಾಮದ ಎಲ್ಲೆಯೊಳಗೆ ಯಾವ ಉದ್ದೇಶಕ್ಕಾಗಿಯಾದರೂ ವಿದ್ಯುತ್ತು ಬಳಕೆಯಾದರೆ ಸಾಕು, ಅದು ವಿದ್ಯುತ್ತು ಬಂದ ಗ್ರಾಮವೆಂದೇ ಎಣಿಕೆ. ಹೊಲದ ಒಂದು ಪಂಪು ಇಡೀ ಊರಿನ ಹೆಸರನ್ನು ಪಟ್ಟಿಗೆ ಸೇರಿಸಬಹುದಾಗಿದ್ದಿತು. 2004ರ ನಿಯಮವು ಜನವಸತಿಯಲ್ಲಿಯೂ ದಲಿತರ ಕೇರಿಯಲ್ಲಿಯೂ ತಂತಿ ಇರಬೇಕೆಂದೂ, ಶಾಲೆ ಮೊದಲಾದ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ತು ಒದಗಬೇಕೆಂದೂ, ನೂರಕ್ಕೆ 10 ಮನೆಗಳಿಗಾದರೂ ಸಂಪರ್ಕವಿರಬೇಕೆಂದೂ ವಿಧಿಸಿತು. ಉಳಿದ 90 ಮನೆಗಳು ಕತ್ತಲೆಯಲ್ಲಿದ್ದರೂ ನಿಯಮಕ್ಕೆ ಭಂಗವಿಲ್ಲ! ಮನೆಮನೆಯನ್ನೂ ಎಣಿಸುವ ಸೌಭಾಗ್ಯ ಯೋಜನೆಯು ಬಂದುದು 2017ರಲ್ಲಿ.

ಇಂದು ದರೋಜಿಗೆ ಸಮೀಪದ ಕುಡತಿನಿಯಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ಹುಟ್ಟುತ್ತಿದೆ. ತೋರಣಗಲ್ಲಿನಲ್ಲಿ ಉಕ್ಕು ಕರಗುತ್ತಿದೆ. ಸೀಮೆಯ ಬಳಕೆಯು ಬೆಳೆದಂತೆ ಹೊಸ ಮಾರ್ಗಗಳ ನಕ್ಷೆಗಳು ಇನ್ನೂ ರಚಿತವಾಗುವುವು. ಅವನ್ನು ರಚಿಸುವವರು ಹಳೆಯ ನೀರುಗಂಟಿಯ ಧರ್ಮವನ್ನು ನೆನೆಯುವುದು ಲೇಸು. ಕೆರೆ ತುಂಬಿತೆಂದು ಅವನು ಮನೆಗೆ ಹೋಗುತ್ತಿರಲಿಲ್ಲ. ಕಾಲುವೆಯ ಕಡೆಯ ಗದ್ದೆಗೆ ನೀರು ಮುಟ್ಟಿತೇ ಎಂದು ನೋಡಬೇಕಾದುದೇ ಅವನ ಕೆಲಸವಾಗಿದ್ದಿತು.