ಬಳ್ಳಾರಿಯ ಕೂಲಿಮಠಗಳು

ಬೆಳಗಿನ ಆರು ಗಂಟೆಗೆ ಎಲ್ಲರಿಗಿಂತ ಮೊದಲು ಕೂಲಿಮಠಕ್ಕೆ, ಅಂದರೆ ಊರ ಶಾಲೆಗೆ, ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾಗಿ ಬಂದಷ್ಟೂ ಏಟು ಒಂದೊಂದೇ ಏರುತ್ತಿತ್ತು.

ಬಳ್ಳಾರಿ ಸೀಮೆಯ ಮಕ್ಕಳ ಈ ದಿನಚರಿಯನ್ನು ಬರೆದಿಟ್ಟವನು ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದ. 1823ರ ಆಗಸ್ಟ್ 17ರಂದು ಕ್ಯಾಂಪ್‌ಬೆಲ್ ಕಳಿಸಿದ ಉತ್ತರದ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226. ತೆಲುಗಿನವು ಇಷ್ಟಿದ್ದುದು ಸಹಜ, ಇಂದಿನ ಅನಂತಪುರವೂ ಆಗ ಬಳ್ಳಾರಿಗೇ ಸೇರಿತ್ತು. ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಕಲಿಸುವ ಶಾಲೆಗಳೂ ಇದ್ದವು. ಇಂಗ್ಲಿಷಿನದು ಒಂದೇ ಒಂದು.

ಐದನೆಯ ವಯಸ್ಸಿನ ಹೊತ್ತಿಗೆ ಒಳ್ಳೆಯ ದಿನ ನೋಡಿ, ಗಣಪತಿಯ ಮುಂದೆ ಕೂರಿಸಿ, ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುತ್ತಿದ್ದರು. ಮರುದಿನದಿಂದ ಮರಳು. ಅಕ್ಷರಮಾಲೆಯನ್ನು ಬಾಯಲ್ಲಿ ಹೇಳಿಸುವ ಮೊದಲೇ ಬೆರಳಿನಿಂದ ತಿದ್ದಿಸುವುದು ಇಲ್ಲಿನ ಕ್ರಮ. ಆಮೇಲೆ ಕಾಗುಣಿತ, ಒತ್ತಕ್ಷರ. ಅವು ಕೈಗೆ ಹತ್ತಿದ ಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು. ಕೊನೆಗೆ ಅಂಕಿ, ಮಗ್ಗಿ.

ಮರಳು ಬಿಟ್ಟ ಹುಡುಗನ ಕೈಗೆ ಹಲಗೆಯೋ ಕಡತವೋ ಬರುತ್ತಿತ್ತು. ಒಂದಡಿ ಅಗಲ, ಮೂರಡಿ ಉದ್ದದ ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಸವರಿರುತ್ತಿದ್ದರು. ಕಡತಕ್ಕೆ ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿಯುತ್ತಿದ್ದರು. ಬರೆಯುವುದಕ್ಕೆ ಬಳಪ, ಅಳಿಸುವುದಕ್ಕೆ ಒದ್ದೆ ಬಟ್ಟೆ. ಶೃಂಗೇರಿ ಮಠದಂಥ ಸಂಸ್ಥಾನದ ದಾಖಲೆಗಳು ಉಳಿದಿರುವುದೂ ಕಡತಗಳಲ್ಲೇ. ಹಾಗಾಗಿ ಮಕ್ಕಳು ಕಲಿಯುತ್ತಿದ್ದುದು ದೊಡ್ಡವರು ನಿಜವಾಗಿ ಬಳಸುತ್ತಿದ್ದ ಸಾಧನದ ಮೇಲೆಯೇ.

ಮಠದ ಮೇಷ್ಟರಾದ ಅಯ್ಯನವರು ಒಬ್ಬರೇ ಅಷ್ಟೂ ಮಕ್ಕಳನ್ನು ಹೇಗೆ ಸಂಭಾಳಿಸುತ್ತಿದ್ದರು? ಮುಂದಿನ ಪಾಠಕ್ಕೆ ಹೋದವನು ಹಿಂದಿನವನಿಗೆ ಹೇಳಿಕೊಡುತ್ತಿದ್ದ. ಕಲಿಸುತ್ತ ಕಲಿಸುತ್ತ ಅವನ ಪಾಠವೂ ಗಟ್ಟಿಯಾಗುತ್ತಿತ್ತು. ಕ್ಯಾಂಪ್‌ಬೆಲ್‌ಗೆ ಬಹಳ ಮೆಚ್ಚಿಗೆಯಾದದ್ದು ಇದೇ ಪದ್ಧತಿ. ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸುತ್ತಿರುವುದು ಸರಿಯೇ ಎಂದು ಅವನು ಬರೆದ. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಊರ ಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಬರೆಯುವುದನ್ನು ಕಂಡು ತನ್ನಲ್ಲೂ ಅದನ್ನು ತಂದಿದ್ದ. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ತನ್ನ ಪ್ರಯೋಗದ ಬಗ್ಗೆ 1797ರಲ್ಲಿ ಲಂಡನ್ನಿನಲ್ಲಿ ಅವನು ಪುಸ್ತಕ ಪ್ರಕಟಿಸಿದ. ಅಲ್ಲಿ ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು.

ಕೊರತೆಗಳೂ ಸಣ್ಣವಲ್ಲ. ರಾಮಾಯಣ, ಮಹಾಭಾರತ, ಬಸವ ಪುರಾಣ, ಪಂಚತಂತ್ರಗಳನ್ನು ಮಕ್ಕಳು ಓದುತ್ತಿದ್ದರು, ಬಾಯಿಪಾಠ ಮಾಡುತ್ತಿದ್ದರು. ಪದ್ಯದ ಹಳೆಯ ಭಾಷೆಗೂ ಮನೆಮಾತಿಗೂ ದೂರವಿದ್ದುದರಿಂದ ಅರ್ಥ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಕೈ ಕಟ್ಟಿ ಸೂರಿಗೆ ತೂಗುಹಾಕುವ ಕೋದಂಡದ ಶಿಕ್ಷೆಯಂತೂ ಕ್ರೂರವಾದದ್ದು. ಓದುತ್ತಿದ್ದ 6,641 ಮಕ್ಕಳಲ್ಲಿ ಹುಡುಗಿಯರು ಬರೀ 60.

ಆದರೆ ಕೂಲಿಮಠಗಳು ಮುಚ್ಚತೊಡಗಿದ್ದು ಈ ಕೊರತೆಗಳಿಂದಲ್ಲ, ಬಡತನದಿಂದ. ಮೊದಲು ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಒಂದೂ ಇಲ್ಲ ಎಂದು ಕ್ಯಾಂಪ್‌ಬೆಲ್ ಮುಚ್ಚುಮರೆಯಿಲ್ಲದೆ ಬರೆದ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕಸುಬು ಕೆಟ್ಟಿತ್ತು, ನಾಡಿನ ಹಣ ಹೊರಗೆ ಹರಿದುಹೋಗುತ್ತಿತ್ತು. ಅಯ್ಯನವರಿಗೆ ತಿಂಗಳ ಹಣ ಕೊಡುವುದಿರಲಿ, ಮಕ್ಕಳ ಕೈಕಾಲು ಬಲಿಯುವ ಮೊದಲೇ ಅವರನ್ನು ದುಡಿಮೆಗೆ ಹಚ್ಚಬೇಕಾದ ಸ್ಥಿತಿ ತಂದೆತಾಯಿಯರದು. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆಂದು ಮಾನ್ಯಗಳಿದ್ದವು. ಈಗಿನ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ, ಹೀಗೆ ಹೇಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ ಎಂಬರ್ಥದ ಮಾತನ್ನು ಆ ಸರ್ಕಾರದ ಕಲೆಕ್ಟರನೇ ತನ್ನ ಮೇಲಧಿಕಾರಿಗಳಿಗೆ ಬರೆದು ಕಳಿಸಿದ.