ಕಿಡಿಯೂ ಮರಿಯೂ: ‘ಕಿಂಡಲ್’ ಎಂಬ ಇಂಗ್ಲಿಷ್ ಕ್ರಿಯಾಪದದ ಎರಡು ಮೂಲಗಳು

ಇಂಗ್ಲಿಷಿನ ‘ಕಿಂಡಲ್’ ಕ್ರಿಯಾಪದಕ್ಕೆ ‘ಬೆಂಕಿ ಹೊತ್ತಿಸು’ ಎಂಬುದು ಪ್ರಸಿದ್ಧವಾದ ಅರ್ಥ. ಆಸೆ, ಕೋಪ, ಆಸಕ್ತಿಗಳನ್ನು ಕೆರಳಿಸು ಎಂಬುದು ಅದರ ಲಾಕ್ಷಣಿಕ ವಿಸ್ತರಣೆ. ಇದೇ ರೂಪಕ್ಕೆ ‘(ಮೊಲ ಮುಂತಾದವು) ಮರಿಹಾಕು’ ಎಂಬ, ಇಂದು ವಿರಳವಾದ ಅರ್ಥವೂ ಉಂಟು. ಇವು ಒಂದೇ ಪದದ ಅನೇಕಾರ್ಥಗಳೇ ಅಥವಾ ಎರಡು ಪದಗಳ ರೂಪಸಾಮ್ಯವೇ ಎಂಬುದು ನಮ್ಮ ಪ್ರಶ್ನೆ.

ಅರಣಿಯಿಂದ ಅಗ್ನಿ ಜನಿಸುತ್ತದೆಂಬ ವೈದಿಕ ಕಲ್ಪನೆಯನ್ನು ಬಲ್ಲವರಿಗೆ ಏಕಮೂಲದ ಊಹೆ ಸಹಜವೆನಿಸೀತು. ಪದಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ಮೊದಲನೆಯದು ಪ್ರಾಚೀನ ನಾರ್ಸ್ ಭಾಷೆಯ ‘ಕ್ಯುಂಡ’ (ಹೊತ್ತಿಸು) ಎಂಬುದರಿಂದ ಬಂದುದು. ಸ್ಕ್ಯಾಂಡಿನೇವಿಯನ್ನರು ನೆಲೆಸಿದ್ದ ಪೂರ್ವ ಇಂಗ್ಲೆಂಡಿನಲ್ಲಿ, 12ನೆಯ ಶತಮಾನದ ಉತ್ತರಾರ್ಧದಲ್ಲಿ ರಚಿತವಾದ ‘ಓರ್ಮ್ಯುಲಮ್’ ಕೃತಿಯಲ್ಲಿ ಅದರ ಪ್ರಯೋಗ ದೊರೆಯುತ್ತದೆ. ‘ಸ್ಪಾರ್ಕ್’ನಿಂದ ‘ಸ್ಪಾರ್ಕಲ್’ ಆದಂತೆ, ಇಲ್ಲಿಯೂ ಪೌನಃಪುನ್ಯವಾಚಕ ಪ್ರತ್ಯಯ ಸೇರಿದೆ. ಎರಡನೆಯದು ದೇಶ್ಯ. ಜನ್ಮ, ಸ್ವಭಾವ ಎಂಬ ಅರ್ಥಗಳ ಪ್ರಾಚೀನ ಇಂಗ್ಲಿಷ್ ನಾಮಪದದಿಂದ ಇಂದಿನ ‘ಕೈಂಡ್’ ಬಂದಿತು. ಅದೇ ಕುಲದ, ‘ಮರಿ, ಸಂತಾನ’ ಎಂಬರ್ಥದ ಮಧ್ಯ ಇಂಗ್ಲಿಷ್ ಪದದಿಂದ ಈ ಕ್ರಿಯಾಪದ ಹುಟ್ಟಿತು. ಇದರ ಇಂಡೋ-ಯುರೋಪಿಯನ್ ಧಾತು ಸಂಸ್ಕೃತದ ‘ಜನ್’ ಧಾತುವಿಗೂ ಮೂಲ. ಆದುದರಿಂದ ಕನ್ನಡದ ತತ್ಸಮಗಳಾದ ‘ಜನನ’, ‘ಜಾತಿ’ಗಳು ಮರಿಹಾಕುವ ‘ಕಿಂಡಲ್’ಗೆ ದೂರದ ಜ್ಞಾತಿಗಳು, ಬೆಂಕಿಯ ‘ಕಿಂಡಲ್’ಗೆ ಅಲ್ಲ.

ಎರಡೂ ಪದಗಳು ಬಹುಕಾಲ ಜೊತೆಯಾಗಿ ಬಾಳಿದವು. ಷೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದ ಮೊದಲ ಅಂಕದಲ್ಲಿ ‘ಪ್ರಚೋದಿಸು’ ಎಂಬರ್ಥದಲ್ಲಿಯೂ ಮೂರನೆಯ ಅಂಕದಲ್ಲಿ ಮೊಲ ಹುಟ್ಟಿದ ತಾಣವನ್ನು ಕುರಿತೂ ಇದೇ ರೂಪ ಬಂದಿದೆ. ಕೇಳುವವರಿಗೆ ಸಂದರ್ಭವೊಂದೇ ಸಾಕಾಗಿತ್ತು.

ಕನ್ನಡದಲ್ಲಿ ಇಂಥದೇ ಸಮಸ್ಯೆಯನ್ನು ‘ಹೊತ್ತು’ ಒಡ್ಡುತ್ತದೆ. ‘ಹೊತ್ತು ಮುಳುಗಿತು’, ‘ಒಲೆ ಹೊತ್ತಿತು’ ಎಂಬಲ್ಲಿ ಸೂರ್ಯನನ್ನೂ ಉರಿಯನ್ನೂ ಬೆಸೆಯುವ ಆಸೆ ಯಾರಿಗಾದರೂ ಮೂಡೀತು. ಆದರೆ ಹಳಗನ್ನಡದಲ್ಲಿ ಮೊದಲನೆಯದು ‘ಪೊೞ್ತು’, ಎರಡನೆಯದು ‘ಪೊತ್ತು’. ೞಕಾರವು ತಕಾರದಲ್ಲಿ ಲೀನವಾಗಿ, ಪಕಾರವು ಹಕಾರವಾದ ಮೇಲೆ ಎರಡೂ ಒಂದಾದವು. ಕನ್ನಡದಲ್ಲಿ ಧ್ವನಿಪರಿವರ್ತನೆ ಮಾಡಿದ ಕೆಲಸವನ್ನು ಇಂಗ್ಲಿಷಿನಲ್ಲಿ ಎರವಲೂ ಪದರಚನೆಯೂ ಮಾಡಿದವು.

ಅರ್ಥಗಳ ನಡುವೆ ಸೊಗಸಾದ ಸಂಬಂಧ ಕಲ್ಪಿಸಬಹುದೆಂಬುದು ವ್ಯುತ್ಪತ್ತಿಗೆ ಪ್ರಮಾಣವಾಗದು. ಭಾಷಿಕರ ಮನಸ್ಸು ಎರಡನ್ನು ಒಂದೆಂದು ಭಾವಿಸಿದ್ದರೆ ಅದೂ ಭಾಷಾವಾಸ್ತವವೇ. ಆದರೆ ಅದನ್ನು ಪ್ರಯೋಗಗಳಿಂದ ಬೇರೆಯಾಗಿಯೇ ಸಾಧಿಸಬೇಕು. ನಿಘಂಟಿನಲ್ಲಿ ಒಂದು ಉಲ್ಲೇಖವೋ ಎರಡೋ ಎಂಬ ತೀರ್ಮಾನ ಈ ವಿವೇಕವನ್ನು ಅವಲಂಬಿಸಿದೆ.